ಮಗು ಅಂಬೆಗಾಲಿಡಲು ಶುರು ಮಾಡಿದೆ, ಮನೆಯಲ್ಲಿ ಮೊದಲು ಏನು ಸರಿ ಮಾಡಿಸಬೇಕು?

ಅಂಬೆಗಾಲು ಅಮ್ಮ
ಎಲ್ಲರಿಗೂ ನಮಸ್ಕಾರ. ಮಗುವಿಗೆ ಎಂಟು ತಿಂಗಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಕೆಳಗಿನ ಮಹಡಿ. ಬಾಗಿಲ ಮುಂದೆಯೇ ಸಂಪು. ನೀರು ಮೂರು ದಿನಕ್ಕೊಮ್ಮೆ, ಹಾಗಾಗಿ ಬಚ್ಚಲಲ್ಲಿ ಡ್ರಮ್ಮು, ಬಕೆಟ್ಟು ಯಾವಾಗಲೂ ತುಂಬಿರುತ್ತವೆ. ಬಿಸಿನೀರು ಸೋಲಾರ್‌ದು. ಪ್ಲಗ್ ಪಾಯಿಂಟ್‌ಗಳೆಲ್ಲ ನೆಲದಿಂದ ಒಂದಡಿ ಮೇಲಷ್ಟೇ. ಅತ್ತೆ, ಮಾವ ಜೊತೆಗಿದ್ದಾರೆ, ಇಬ್ಬರಿಗೂ ಬಿಪಿ, ಶುಗರ್ ಮಾತ್ರೆ. ಆನ್‌ಲೈನಲ್ಲಿ 40 ಸಾಮಾನಿನ 'ಬೇಬಿ ಸೇಫ್ಟಿ ಕಿಟ್' ಸಿಗುತ್ತೆ, ತಗೊಳ್ಳಲಾ? ಕೈಯಲ್ಲಿ ಐದು ಸಾವಿರ ಇದೆ. ಯಾವುದು ಮೊದಲು, ಯಾವುದು ಆಮೇಲೆ ಹೇಳಿ.

ಪ್ಲಂಬರ್ ತುಮಕೂರು
ಕಿಟ್ ಆಮೇಲೆ. ಮೊದಲು ಸಂಪು. ಇವತ್ತೇ.

ಮುಚ್ಚಳ ಭಾರ ಇದೆ, ಮಗು ಎತ್ತಲ್ಲ ಅಂತ ಎಲ್ಲರೂ ಸುಮ್ಮನಿರ್ತಾರೆ. ಮಗು ಮುಚ್ಚಳ ಎತ್ತಿ ಬೀಳೋದಿಲ್ಲ, ದೊಡ್ಡವರು ತೆಗೆದಿಟ್ಟಾಗ ಬೀಳುತ್ತೆ. ಕಾರ್ಪೊರೇಷನ್ ನೀರು ಬಂದಾಗ ಎಷ್ಟು ತುಂಬಿದೆ ನೋಡೋಕೆ ತೆಗೀತಾರೆ, ಟ್ಯಾಂಕರ್ ಬಂದಾಗ ತೆಗೀತಾರೆ, ಅಷ್ಟರಲ್ಲಿ ಫೋನ್ ಬರುತ್ತೆ. ಇನ್ನೊಂದು, ತುಕ್ಕು ಹಿಡಿದ ತಗಡು. ಮೇಲೆ ಬಣ್ಣ ಚೆನ್ನಾಗಿರುತ್ತೆ, ಅಂಚು ಕೆಳಗಿಂದ ಪುಡಿಯಾಗಿರುತ್ತೆ. ಮುಚ್ಚಳ ಮಗುಚಿ ಅಂಚಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಪೊರೆ ಪೊರೆಯಾಗಿ ಉದುರಿದರೆ ಬದಲಾಯಿಸಿ.

ಮಾಡಬೇಕಾದ್ದು: ಸಂಪಿನ ಬಾಯಿ ಅಳತೆ ತಗೊಂಡು ವೆಲ್ಡಿಂಗ್ ಅಂಗಡಿಗೆ ಹೋಗಿ. 10 ಎಂಎಂ ಸರಳಿನಲ್ಲಿ, ಸರಳಿಂದ ಸರಳಿಗೆ ಮೂರೂವರೆ ಇಂಚು ಸಂದಿ ಬಿಟ್ಟು ಒಂದು ಜಾಲರಿ ಮಾಡಿಸಿ. ಅದನ್ನ ಮುಚ್ಚಳದ ಕೆಳಗೆ, ಬಾಯಿಯ ಚೌಕಟ್ಟಿಗೆ ಹಿಂಜ್ ಹಾಕಿ ಕೂರಿಸಬೇಕು. ಮುಚ್ಚಳ ತೆಗೆದಾಗಲೂ ಜಾಲರಿ ಹಾಗೇ ಇರುತ್ತೆ. ಟ್ಯಾಂಕರ್ ಪೈಪು ಸಂದಿಯಲ್ಲಿ ಇಳಿಯುತ್ತೆ, ಮಗುವಿನ ತಲೆ ಇಳಿಯಲ್ಲ. ಸಂಪು ತೊಳೆಯೋ ದಿನ ಮಾತ್ರ ಜಾಲರಿ ತೆರೆದರೆ ಸಾಕು. ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.

ಅಂಬೆಗಾಲು ಅಮ್ಮ
ಓನರ್ ಒಪ್ಪದಿದ್ದರೆ?

ಪ್ಲಂಬರ್ ತುಮಕೂರು
ಒಪ್ಪುವವರೆಗೆ ಮುಚ್ಚಳಕ್ಕೆ ಕೊಂಡಿ ಹಾಕಿಸಿ ಬೀಗ ಜಡಿಯಿರಿ. ಕೊಂಡಿಗೆ ಯಾವ ಓನರೂ ಬೇಡ ಅನ್ನಲ್ಲ.

ಮಕ್ಕಳ ವಾರ್ಡ್ ನರ್ಸ್
ಸಂಪಿನಷ್ಟೇ ಅಪಾಯ ಬಚ್ಚಲ ಬಕೆಟ್ಟು. ಈ ವಯಸ್ಸಿನ ಮಗುವಿಗೆ ತಲೆಯ ಭಾರ ಜಾಸ್ತಿ. ಬಕೆಟ್ಟಿನ ಅಂಚು ಹಿಡಿದು ನಿಂತು ಒಳಗೆ ಬಗ್ಗಿದರೆ ತಲೆ ಮುಂದಾಗಿ ಹೋಗುತ್ತೆ, ವಾಪಸ್ ಎತ್ತಿಕೊಳ್ಳೋ ಶಕ್ತಿ ತೋಳಲ್ಲಿ ಇರಲ್ಲ. ಎರಡಿಂಚು ನೀರು ಸಾಕು. ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು: ಮುಳುಗೋ ಮಗು ಕಿರುಚಲ್ಲ, ನೀರು ಬಡಿಯೋ ಸದ್ದೂ ಹೆಚ್ಚಾಗಿ ಬರಲ್ಲ. ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತರೆ ಪ್ರಯೋಜನ ಇಲ್ಲ.

ನೀರು ಹಿಡಿದಿಡಲೇಬೇಕು ಅಂದರೆ ಬಕೆಟ್ ಬೇಡ, ತಿರುಪು ಮುಚ್ಚಳದ ಡ್ರಮ್ಮಲ್ಲಿಡಿ. ಖಾಲಿ ಬಕೆಟ್ ಬೋರಲು ಹಾಕಿ. ಬಚ್ಚಲ ಬಾಗಿಲಿಗೆ ಹೊರಗಡೆಯಿಂದ ಐದಡಿ ಎತ್ತರದಲ್ಲಿ ಒಂದು ಚಿಲಕ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ ಇದ್ದರೆ ಅದರ ತೊಟ್ಟಿಯ ನೀರನ್ನೂ ಆಗಾಗಲೇ ಬಿಟ್ಟುಬಿಡಿ.

ಮೊಮ್ಮಕ್ಕಳಜ್ಜಿ
ಇಷ್ಟೆಲ್ಲ ಯಾಕಮ್ಮಾ? ಹಿಂದೆ ಕಿಟ್ಟೂ ಇರಲಿಲ್ಲ, ಜಾಲರಿಯೂ ಇರಲಿಲ್ಲ. ಮನೇಲಿ ಒಬ್ಬರು ಮಗುವಿನ ಮೇಲೆ ಕಣ್ಣಿಟ್ಟಿದ್ದರೆ ಆಯ್ತು. ಈಗ ಎಲ್ಲರ ಕಣ್ಣೂ ಮೊಬೈಲ್ ಮೇಲೆ.

ಬಡಗಿ ಶಿರಸಿ
ಅಮ್ಮಾ, ಹಿಂದೆ ಏನೂ ಇರಲಿಲ್ಲ ಅನ್ನೋದನ್ನ ಒಪ್ಪಲ್ಲ. ಬಾವಿಗೆ ಸೊಂಟದೆತ್ತರ ಕಟ್ಟೆ ಯಾಕೆ ಕಟ್ಟಿದ್ದರು? ಜಗಲಿಯಿಂದ ಅಂಗಳಕ್ಕೆ ಇಳಿಯೋ ಕಡೆ ಅಡ್ಡ ಹಲಗೆ ಯಾಕೆ ಇಡ್ತಿದ್ದರು? ಚೌಕಟ್ಟಿನ ಎರಡೂ ಕಡೆ ಉದ್ದಕ್ಕೆ ಕಾಲುವೆಯ ಹಾಗೆ ಕೊರೆದು ಎರಡಡಿ ಹಲಗೆ ಮೇಲಿಂದ ಇಳಿಸ್ತಿದ್ದರಲ್ಲ, ಅದೇ ಆ ಕಾಲದ ಬೇಬಿ ಗೇಟು. ಕಣ್ಣಿಡಲು ಮನೆ ತುಂಬ ಜನ ಇದ್ದಾಗಲೂ ಹಲಗೆ ಬಿಟ್ಟಿರಲಿಲ್ಲ.

ಮೊಮ್ಮಕ್ಕಳಜ್ಜಿ
ಹಲಗೆ ಮಾತು ಖರೆ. ಅದು ನೆನಪಿರಲಿಲ್ಲ.

ವೈರ್‌ಮನ್ ಹಾಸನ
ಕರೆಂಟ್ ವಿಷಯ ನಾನು ಹೇಳ್ತೀನಿ. ಮೇನ್ ಬೋರ್ಡಿನ ಬಾಗಿಲು ತೆಗೆದು ನೋಡಿ. 'ಟಿ' ಅಥವಾ 'ಟೆಸ್ಟ್' ಅಂತ ಬರೆದ ಚಿಕ್ಕ ಬಟನ್ ಇರೋ ಸ್ವಿಚ್ ಇದೆಯಾ? ಅದರ ಮೇಲೆ 30 ಎಂಎ ಅಂತ ಇದೆಯಾ? ಇದ್ದರೆ ಅದು ಆರ್‌ಸಿಸಿಬಿ, ಕರೆಂಟ್ ಸೋರಿದರೆ ತಾನೇ ಕಡಿಯೋ ಸ್ವಿಚ್. ಬಟನ್ ಒತ್ತಿದ ತಕ್ಷಣ ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ಬದಲಾಯಿಸಿ. ತಿಂಗಳಿಗೊಮ್ಮೆ ಒತ್ತಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ.

ಟೆಕ್ಕಿ ಅಪ್ಪ
ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದೇ ಟ್ರಿಪ್ ಆಗುತ್ತೆ. ಜೊತೆಗೆ ಸಾಕೆಟ್‌ಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿದರೆ ಮುಗೀತು.

ವೈರ್‌ಮನ್ ಹಾಸನ
ಎರಡೂ ತಪ್ಪು ಸಾರ್, ಬೇಜಾರು ಮಾಡ್ಕೋಬೇಡಿ.

ಎಂಸಿಬಿ ವೈರ್ ಸುಡದ ಹಾಗೆ ಕಾಯುತ್ತೆ, ಮನುಷ್ಯನನ್ನಲ್ಲ. 10 ಆಂಪಿನ ಎಂಸಿಬಿ ಬೀಳಬೇಕಾದರೆ 10 ಆಂಪಿಗಿಂತ ಹೆಚ್ಚು ಹರೀಬೇಕು. ಮಗುವಿನ ಎದೆಬಡಿತ ಕೆಡಿಸೋಕೆ ಅದರ ನೂರರಲ್ಲೊಂದು ಪಾಲು ಸಾಕು. ಅಷ್ಟು ಎಂಸಿಬಿಗೆ ಗೊತ್ತೇ ಆಗಲ್ಲ. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತೆ. 30 ಮಿಲಿ ಆಂಪ್ ಸೋರಿದರೆ ಕಡಿದುಬಿಡುತ್ತೆ.

ಈಗ ಕ್ಯಾಪ್. ನಮ್ಮ ಸಾಕೆಟ್‌ನ ಮೇಲಿನ ದಪ್ಪ ತೂತು ಅರ್ಥ್. ಐಎಸ್ಐ ಗುರುತಿನ ಒಳ್ಳೇ ಸಾಕೆಟ್‌ಗಳಲ್ಲಿ ಕೆಳಗಿನೆರಡು ತೂತಿಗೆ ಒಳಗೆ ಶಟರ್ ಇರುತ್ತೆ. ಅರ್ಥ್ ಪಿನ್ ಒಳಗೆ ಹೋದಾಗ ಮಾತ್ರ ಅದು ಸರಿಯುತ್ತೆ. ಟಾರ್ಚ್ ಬಿಟ್ಟು ನೋಡಿ, ಕೆಳಗಿನ ತೂತಲ್ಲಿ ಬಿಳಿ ಪ್ಲಾಸ್ಟಿಕ್ ಕಂಡರೆ ಶಟರ್ ಇದೆ, ಹಿತ್ತಾಳೆ ಹೊಳೆದರೆ ಇಲ್ಲ. ಮೂರು ಪಿನ್ನಿನ ಕ್ಯಾಪ್ ಹಾಕಿದರೆ ಏನಾಗುತ್ತೆ? ನೀವೇ ಶಟರ್ ತೆರೆದಿಟ್ಟ ಹಾಗೆ. ಕ್ಯಾಪ್‌ನ ಮೇಲಿನ ಪಿನ್ ಒಳಗೇ ಮುರಿದರೆ ಶಟರ್ ಖಾಯಂ ತೆರೆದೇ ಇರುತ್ತೆ. ಸಡಿಲ ಕ್ಯಾಪನ್ನ ಮಗು ಕಿತ್ತು ಬಾಯಿಗೂ ಹಾಕುತ್ತೆ.

ಶಟರ್ ಹಾಳಾಗೋದು ಹೆಚ್ಚಾಗಿ ನಮ್ಮ ಕೈಯಿಂದಲೇ. ಎರಡು ಪಿನ್ನಿನ ಚಾರ್ಜರ್ ಹೋಗಲ್ಲ ಅಂತ ಅರ್ಥ್ ತೂತಿಗೆ ಪೆನ್ನೋ ಸ್ಕ್ರೂಡ್ರೈವರೋ ತೂರಿಸಿ ಒತ್ತುತ್ತೀವಲ್ಲ, ನಾಲ್ಕೈದು ಸಲ ಹಾಗೆ ಮಾಡಿದರೆ ಸ್ಪ್ರಿಂಗ್ ಸತ್ತುಹೋಗುತ್ತೆ. ಅದನ್ನ ಮಗು ನೋಡಿ ಕಲಿಯುತ್ತೆ ಅನ್ನೋದು ಬೇರೆ.

ನಿಮ್ಮ ಐದು ಸಾವಿರದಲ್ಲಿ ಆರ್‌ಸಿಸಿಬಿ ಒಂದು, ಒಂದಡಿ ಎತ್ತರದ ಸಾಕೆಟ್‌ಗಳನ್ನ ಶಟರ್ ಇರೋದಕ್ಕೆ ಬದಲಾಯಿಸೋದು ಎರಡು. ಉಪಯೋಗ ಇಲ್ಲದ ಪಾಯಿಂಟ್ ಸ್ವಿಚ್ ಆಫ್. ನೆಲದ ಮೇಲಿನ ಎಕ್ಸ್‌ಟೆನ್ಷನ್ ಬಾಕ್ಸನ್ನ ಗೋಡೆಗೆ ನಾಲ್ಕಡಿ ಮೇಲೆ ಹೊಡೀರಿ.

ದಾವಣಗೆರೆ ಗಿರಿ
ನಮ್ಮ ಏರಿಯಾದಲ್ಲಿ ಆರ್‌ಸಿಸಿಬಿ ಹಾಕಿದರೆ ಪದೇ ಪದೇ ಬೀಳುತ್ತೆ ಅಂತ ಕಿತ್ತು ಹಾಕಿಸ್ತಾರಲ್ಲ ಅಣ್ಣ?

ವೈರ್‌ಮನ್ ಹಾಸನ
ಯುಪಿಎಸ್ ಇರೋ ಮನೇಲಿ ಅದೇ ಕಥೆ. ಯುಪಿಎಸ್ ಲೈನಿನ ನ್ಯೂಟ್ರಲ್ಲು, ಮೇನ್ ಲೈನಿನ ನ್ಯೂಟ್ರಲ್ಲು ಎಲ್ಲೋ ಒಂದು ಸ್ವಿಚ್ ಬೋರ್ಡಲ್ಲಿ ಸೇರಿರುತ್ತೆ. ಆಗ ಹೋದದ್ದು, ಬಂದದ್ದು ತಾಳೆಯಾಗಲ್ಲ, ಬೀಳುತ್ತೆ. ನ್ಯೂಟ್ರಲ್ ಬೇರೆ ಮಾಡೋಕೆ ಅರ್ಧ ದಿನದ ಕೆಲಸ, ಬೈಪಾಸ್ ಮಾಡೋಕೆ ಐದು ನಿಮಿಷ. ಬೈಪಾಸ್ ಮಾಡಿಸ್ಕೋಬೇಡಿ, ಅರ್ಧ ದಿನದ ಕೂಲಿ ಕೊಡಿ. ಗೀಸರ್ ಎಲಿಮೆಂಟ್ ಸೋರ್ತಾ ಇದ್ದರೂ ಬೀಳುತ್ತೆ. ಅದು ಅದರ ಕೆಲಸ ಅದು ಮಾಡಿದ್ದು.

ಕರೆಂಟ್ ಹೋಗಿ ಯುಪಿಎಸ್ ಮೇಲೆ ಮನೆ ನಡೀತಿರುವಾಗ ಮೇನ್ ಬೋರ್ಡಿನ ಆರ್‌ಸಿಸಿಬಿ ಬಿದ್ದರೂ ಯುಪಿಎಸ್ ಕರೆಂಟ್ ಕೊಡ್ತಾನೇ ಇರುತ್ತೆ, ಅದೂ ನೆನಪಿರಲಿ. ಹಾಗಾಗಿ ಮಗುವಿನ ಕೈಗೆ ಸಿಗೋ ಪಾಯಿಂಟ್‌ಗಳಿಗೆ ಯುಪಿಎಸ್ ಲೈನ್ ಕೊಡಿಸಬೇಡಿ.

ಟೆಕ್ಕಿ ಅಪ್ಪ
ಸರಿ, ಟಾರ್ಚ್ ಬಿಟ್ಟು ನೋಡಿದೆ. ಆರರಲ್ಲಿ ಎರಡಕ್ಕೆ ಶಟರ್ ಇಲ್ಲ. ಬದಲಾಯಿಸ್ತೀನಿ.

ಧಾರವಾಡದಾಂವ
ಬಿಸಿನೀರಿನ ಮಾತು ಯಾರೂ ಎತ್ತಲಿಲ್ಲಲ್ರಿ. ಸುಟ್ಟಗಾಯಕ್ಕ ಟೂತ್‌ಪೇಸ್ಟು, ಮಸಿ, ದ್ವಾಸಿ ಹಿಟ್ಟು ಹಚ್ಚೂದು ಇನ್ನೂ ನಿಂತಿಲ್ಲ. ಹಚ್ಚಬ್ಯಾಡ್ರಿ. ನಳದ ನೀರು ಬಿಡ್ರಿ, ಬರೇ ನಳದ ನೀರು.

ಮಕ್ಕಳ ವಾರ್ಡ್ ನರ್ಸ್
ಹೌದು, ಪೂರ್ತಿ 20 ನಿಮಿಷ. ಗಡಿಯಾರ ನೋಡಿಕೊಂಡು, ಯಾಕಂದರೆ ಎರಡು ನಿಮಿಷ ಆಗೋಷ್ಟರಲ್ಲಿ ಸಾಕಾಯ್ತು ಅನಿಸುತ್ತೆ. ಸುಟ್ಟು ಸ್ವಲ್ಪ ಹೊತ್ತಾಗಿದ್ದರೂ ಮೂರು ಗಂಟೆಯೊಳಗೆ ನೀರು ಬಿಟ್ಟರೆ ಉಪಯೋಗ ಇದೆ. ಐಸ್ ಬೇಡ. ಬಟ್ಟೆ, ಬಳೆ, ಉಡಿದಾರ ಬೇಗ ತೆಗೀರಿ, ಆಮೇಲೆ ಊದಿಕೊಳ್ಳುತ್ತೆ. ಅಂಟಿಕೊಂಡ ಬಟ್ಟೆ ಮಾತ್ರ ಕೀಳಬೇಡಿ. ಸುಟ್ಟ ಜಾಗಕ್ಕೆ ಮಾತ್ರ ನೀರು, ಉಳಿದ ಮೈ ಬೆಚ್ಚಗಿರಲಿ. ಆಮೇಲೆ ತೊಳೆದ ಕಾಟನ್ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಪೇಸ್ಟ್, ಅರಿಶಿನ ಹಚ್ಚಿಕೊಂಡು ಬಂದರೆ ಗಾಯ ಎಷ್ಟು ಆಳ ಅಂತ ನೋಡಲು ಮೊದಲು ಅದನ್ನೆಲ್ಲ ಉಜ್ಜಿ ತೆಗೀಬೇಕು, ಆ ನೋವು ಮಗುವಿಗೇ.

ಪ್ಲಂಬರ್ ತುಮಕೂರು
ಸೋಲಾರ್ ನೀರಿನ ಬಗ್ಗೆ. ಗೀಸರ್‌ಗೆ ಥರ್ಮೋಸ್ಟಾಟ್ ಇದೆ, 50 ಡಿಗ್ರಿಗೆ ಇಳಿಸಬಹುದು. ಸೋಲಾರ್‌ಗೆ ಬಿಸಿಲೇ ಥರ್ಮೋಸ್ಟಾಟ್. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಟ್ಯಾಂಕಲ್ಲಿ 70 ಡಿಗ್ರಿ ದಾಟೋದು ಮಾಮೂಲು. 60 ಡಿಗ್ರಿ ನೀರೇ ಎಳೇ ಚರ್ಮವನ್ನ ಕಣ್ಣು ಮಿಟುಕಿಸೋಷ್ಟರಲ್ಲಿ ಸುಡುತ್ತೆ.

ಮೋಸ ಎಲ್ಲಿ ಅಂದರೆ, ನಲ್ಲಿ ತಿರುಗಿಸಿದಾಗ ಮೊದಲು ಪೈಪಲ್ಲಿ ನಿಂತ ತಣ್ಣೀರು ಬರುತ್ತೆ. ಇನ್ನೂ ಬಿಸಿ ಬಂದಿಲ್ಲ ಅಂತ ಪೂರ್ತಿ ಬಿಟ್ಟು, ಮಗುವನ್ನ ಪಕ್ಕದಲ್ಲೇ ಕೂರಿಸಿ ಟವೆಲ್ ತರೋಕೆ ಹೋಗ್ತಾರೆ. ಅರ್ಧ ಬಕೆಟ್ ಆಗೋಷ್ಟರಲ್ಲಿ ಕುದಿಯೋ ನೀರು. ಹಾಗಾಗಿ ಕ್ರಮ ಹೀಗಿರಲಿ: ಮಗು ಹೊರಗೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಬಿಸಿ ನಲ್ಲಿ ನಿಲ್ಲಿಸಿ. ತಳದವರೆಗೆ ಕಲಕಿ. ಮೊಣಕೈ ಅದ್ದಿ ನೋಡಿ. ಆಮೇಲೆ ಮಗು ಒಳಗೆ.

ದುಡ್ಡಿದ್ದರೆ ಬಚ್ಚಲ ಲೈನಿಗೆ ಬಿಸಿನೀರು, ತಣ್ಣೀರು ಬೆರೆಸಿ ಒಂದೇ ಹದದಲ್ಲಿ ಬಿಡೋ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಕೂರಿಸಬಹುದು. ಇಲ್ಲದಿದ್ದರೆ ಬಿಸಿ ನಲ್ಲಿಯ ಹಿಡಿಯ ಸ್ಕ್ರೂ ಬಿಚ್ಚಿ, ಹಿಡಿಯನ್ನ ಮೇಲಿನ ಗೂಡಲ್ಲಿಡಿ. ಬೇಕಾದಾಗ ಸಿಕ್ಕಿಸಿ ತಿರುಗಿಸಿ. ಖರ್ಚು ಸೊನ್ನೆ.

ದಾವಣಗೆರೆ ಗಿರಿ
ನೀರು ಕಾಯಿಸೋ ರಾಡ್?

ವೈರ್‌ಮನ್ ಹಾಸನ
ಮಗು ನಡೆದಾಡೋ ಮನೇಲಿ ರಾಡ್ ಬೇಡವೇ ಬೇಡ. ಕೊಳವೆ ಬಿರುಕು ಬಿಟ್ಟಿದ್ದರೆ ಇಡೀ ಬಕೆಟ್ಟಿನ ನೀರಿಗೆ ಕರೆಂಟ್. ಬೇರೆ ದಾರಿಯೇ ಇಲ್ಲದಿದ್ದರೆ ಬಚ್ಚಲಿಗೆ ಹೊರಗಿಂದ ಚಿಲಕ ಹಾಕಿ ಕಾಯಿಸಿ. ಸ್ವಿಚ್ ಆಫ್, ಆಮೇಲೆ ಪ್ಲಗ್ ಕಿತ್ತು, ಆಮೇಲಷ್ಟೇ ರಾಡ್ ಮುಟ್ಟಿ.

ಕುಡ್ಲದ ಮಾಸ್ಟ್ರು
ಮಾರಾಯ್ರೆ, ಮಾತ್ರೆ ವಿಷಯ ಅವರು ಕೇಳಿದ್ದು ಹಾಗೇ ಉಂಟು. ಮಗು ಏನಾದ್ರೂ ನುಂಗಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರೆ ಆಯ್ತಲ್ಲ?

ಮಕ್ಕಳ ವಾರ್ಡ್ ನರ್ಸ್
ದಯವಿಟ್ಟು ಬೇಡ. ಉಪ್ಪುನೀರೇ ಒಂದು ವಿಷ, ಮಗುವಿನ ರಕ್ತದಲ್ಲಿ ಸೋಡಿಯಂ ಏರಿಬಿಡುತ್ತೆ. ಸೀಮೆಎಣ್ಣೆ, ಪೇಂಟ್ ಥಿನ್ನರ್ ಕುಡಿದಿದ್ದರೆ ವಾಂತಿ ಮಾಡಿಸೋದು ಇನ್ನೂ ಕೆಟ್ಟದ್ದು. ಹೊಟ್ಟೆಯಲ್ಲಿದ್ದರೆ ಅಷ್ಟು ಹಾನಿ ಇಲ್ಲ, ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬಚ್ಚಲು ತೊಳೆಯೋ ಆಸಿಡ್ ಆದರೆ ಮೇಲೆ ಬರುವಾಗ ಅನ್ನನಾಳವನ್ನ ಎರಡನೇ ಸಲ ಸುಡುತ್ತೆ. ಬಾಯಲ್ಲಿ ಉಳಿದದ್ದನ್ನ ಒರೆಸಿ, ಬಾಟಲಿಯನ್ನೋ ಮಾತ್ರೆ ಹಾಳೆಯನ್ನೋ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ. ಎಷ್ಟು ಮಾತ್ರೆ ಕಡಿಮೆ ಇದೆ ಅಂತ ಎಣಿಸಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಆದ ಹಾಗೆ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಆಂಬುಲೆನ್ಸ್ 108. ಎರಡನ್ನೂ ಫ್ರಿಜ್ ಮೇಲೆ ಅಂಟಿಸಿ.

ಹಿರಿಯರ ಮಾತ್ರೆಗಳಲ್ಲಿ ನನಗೆ ಹೆಚ್ಚು ಭಯ ಸಕ್ಕರೆ ಕಾಯಿಲೆಯದ್ದು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ್ದು ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ಸಕ್ಕರೆ ಅಂಶ ಕುಸಿಯಬಹುದು. ಅದೂ ತಕ್ಷಣ ಅಲ್ಲ, ಗಂಟೆಗಟ್ಟಲೆ ಆದ ಮೇಲೆ. ಆಡ್ತಾ ಇದೆ ಅಂತ ಮನೆಯಲ್ಲಿಟ್ಟುಕೊಳ್ಳಬೇಡಿ. ಬಿಪಿಯ ಆಮ್ಲೋಡಿಪಿನ್ ಕೂಡ ಹಾಗೇ. ಸೋಮ, ಮಂಗಳ ಅಂತ ಖಾನೆ ಇರೋ ಡಬ್ಬಿ ಹಿರಿಯರಿಗೆ ಅನುಕೂಲ, ಆದರೆ ಅದರ ಮುಚ್ಚಳ ಮಗುವಿನ ಬೆರಳಿಗೂ ತೆರೆಯುತ್ತೆ. ದಿಂಬಿನ ಕೆಳಗೆ, ಕೈಚೀಲದಲ್ಲಿ, ಸೆರಗಿನ ಗಂಟಲ್ಲಿ ಮಾತ್ರೆ ಇರಬಾರದು. ಬೀರುವಿನ ಮೇಲಿನ ಖಾನೆ, ಬೀಗ. ಅತ್ತೆ, ಮಾವ ಹೊತ್ತಿಗೆ ಸರಿಯಾಗಿ ಅಲ್ಲೇ ಹೋಗಿ ತಗೊಳ್ಳಲಿ.

ಮೊಮ್ಮಕ್ಕಳಜ್ಜಿ
ಕರ್ಪೂರ ಹೇಳಲಿಲ್ಲ ನೀವು. ದೇವರ ಗೂಡು ಮಗುವಿಗೆ ಕೈಗೆಟುಕೋ ಎತ್ತರದಲ್ಲಿರುತ್ತೆ. ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕ್ತಾವೆ.

ಮಕ್ಕಳ ವಾರ್ಡ್ ನರ್ಸ್
ಅಮ್ಮಾ, ನೀವು ಹೇಳಿದ್ದು ತುಂಬ ಒಳ್ಳೇದಾಯ್ತು. ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತೆ, ಕೆಲವೇ ನಿಮಿಷದಲ್ಲೂ ಬರಬಹುದು. ಒಂದು ಗ್ರಾಂ ಒಳಗೂ ಪ್ರಾಣಾಪಾಯ. ನೀಲಗಿರಿ ಎಣ್ಣೆಯೂ ಹಾಗೇ. ಬೀರುವಿನ ನುಸಿಗುಳಿಗೆ ಕೆಲವು ಮಕ್ಕಳಲ್ಲಿ ರಕ್ತಕಣ ಒಡೆಯುತ್ತೆ. ಇಲಿ ಪೇಸ್ಟ್ ಮಾತ್ರ ಮನೆಗೇ ತರಬೇಡಿ. ಅದರಲ್ಲಿರೋ ಹಳದಿ ರಂಜಕಕ್ಕೆ ಮದ್ದಿಲ್ಲ. ನುಂಗಿದ ಮಗು ಒಂದೆರಡು ದಿನ ಚೆನ್ನಾಗೇ ಇರುತ್ತೆ, ಆಮೇಲೆ ಪಿತ್ತಜನಕಾಂಗ ಕೈಕೊಡುತ್ತೆ. ಇಲಿಗೆ ಬೋನು ಇಡಿ.

ಕುಡ್ಲದ ಮಾಸ್ಟ್ರು
ವಾಂತಿ ವಿಷಯದಲ್ಲಿ ನಾನು ತಪ್ಪು ತಿಳಿದುಕೊಂಡಿದ್ದೆ. ಅಂಗಳದ ಕಣಗಿಲೆ ಕೂಡ ಸೇರಿಸಿ, ಎಲೆ, ಹೂವು, ಬೀಜ ಎಲ್ಲ ವಿಷ. ಹಳದಿ ಕಣಗಿಲೆಯ ಕಾಯಿ ಗೋಲಿ ಹಾಗೆ ಕೈಗೆ ಸಿಗ್ತದೆ.

ಧಾರವಾಡದಾಂವ
ಗಂಟಲದಾಗ ಸಿಗೂದರ ಬಗ್ಗೆನೂ ಬರೀರಿ ಸಿಸ್ಟರ್. ಶೇಂಗಾ ನಮ್ಮ ಕಡೆ ಮನಿ ತುಂಬ ಇರ್ತಾವು.

ಮಕ್ಕಳ ವಾರ್ಡ್ ನರ್ಸ್
ಶೇಂಗಾ, ಹುರಿಗಡಲೆ, ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು: ಶ್ವಾಸನಾಳದಲ್ಲಿ ಸಿಗೋದು ಹೆಚ್ಚಾಗಿ ಇವೇ. ಶೇಂಗಾ ಒಳಗೆ ನೀರು ಹೀರಿ ಊದುತ್ತೆ, ಅದರ ಎಣ್ಣೆಗೆ ಸುತ್ತಲಿನ ಗೋಡೆಯೂ ಊದುತ್ತೆ. ನಾಲ್ಕು ವರ್ಷ ತುಂಬುವವರೆಗೆ ಇಡೀ ಕಾಳು ಬೇಡ, ಪುಡಿ ಮಾಡಿ ಕೊಡಿ. ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಿ.

ಸಿಕ್ಕಿಕೊಂಡಾಗ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದೆ ನೀಲಿಯಾಗ್ತಿದ್ದರೆ, ವರ್ಷದೊಳಗಿನ ಮಗುವನ್ನ ಮುಂದೋಳಿನ ಮೇಲೆ ತಲೆ ತಗ್ಗಿಸಿ ಬೋರಲು ಮಲಗಿಸಿ, ಬೆನ್ನಿನ ಎರಡು ರೆಕ್ಕೆ ಮೂಳೆ ನಡುವೆ ಅಂಗೈ ಬುಡದಿಂದ ಐದು ಗುದ್ದು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಒತ್ತು. ಮತ್ತೆ ಬೆನ್ನು. ವರ್ಷ ದಾಟಿದ ಮಗುವಿಗೆ ಎದೆಯ ಬದಲು ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಒಳಕ್ಕೂ ಮೇಲಕ್ಕೂ ಐದು ಒತ್ತು. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಆಡಿಸಬೇಡಿ, ಇನ್ನೂ ಒಳಗೆ ಹೋಗುತ್ತೆ. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಶುರು ಮಾಡಿ, 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ.

ಬಟನ್ ಸೆಲ್, ಅಂದರೆ ನಾಣ್ಯದ ಹಾಗಿರೋ ಬ್ಯಾಟರಿ, ಬೇರೆಯೇ ವಿಷಯ. ರಿಮೋಟು, ಮಿನುಗೋ ಆಟಿಕೆ, ತೂಕದ ಯಂತ್ರದಲ್ಲಿರೋ ಸಿಆರ್2032 ಗಾತ್ರ 20 ಎಂಎಂ, ಮಗುವಿನ ಅನ್ನನಾಳಕ್ಕೆ ಸರಿಯಾಗಿ ಸಿಕ್ಕಿಕೊಳ್ಳೋ ಅಳತೆ. ಎರಡು ಗಂಟೆಯಲ್ಲಿ ಸುಟ್ಟು ತೂತು ಮಾಡಲು ಶುರು. ಬಾಳೆಹಣ್ಣು ತಿನ್ನಿಸಿ ಇಳಿಯುತ್ತಾ ಅಂತ ಕಾಯಬೇಡಿ, ನೇರ ಎಕ್ಸ್‌ರೇ ಇರೋ ಆಸ್ಪತ್ರೆ. ವರ್ಷ ದಾಟಿದ ಮಗು, ನುಂಗಿ 12 ಗಂಟೆಯೊಳಗೆ ಆಗಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ. ಜೇನಿಗಾಗಿ ಹೊರಡೋದು ತಡ ಮಾಡಬೇಡಿ. ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ರಿಮೋಟಿನ ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಗಟ್ಟಿ ಟೇಪ್ ಎರಡು ಸುತ್ತು.

ಟೊರಾಂಟೊ ಕನ್ನಡಿಗ
ವಾಕರ್ ಕೊಳ್ಳೋ ಯೋಚನೆ ಇದ್ದರೆ ಬಿಟ್ಟುಬಿಡಿ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಮಗು ಬೇಗ ನಡೆಯೋದೂ ಇಲ್ಲ, ಮೆಟ್ಟಿಲ ಕಡೆ ಓಡೋ ವೇಗ ಮಾತ್ರ ಬರುತ್ತೆ. ಮೆಟ್ಟಿಲ ಮೇಲ್ಗಡೆ ಗೋಡೆಗೆ ಒತ್ತಿ ನಿಲ್ಲಿಸೋ ಗೇಟ್ ಬೇಡ, ಸ್ಕ್ರೂ ಹಾಕಿ ಕೂರಿಸೋದೇ ಬೇಕು.

ಬಡಗಿ ಶಿರಸಿ
ಗೇಟಿಗೆ ಸರಳು ನಿಲುವಾಗಿರಲಿ. ಅಡ್ಡ ಸರಳು ಅಂದರೆ ಏಣಿ. ಬಾಲ್ಕನಿ ಪಕ್ಕದ ಹೂಕುಂಡ, ಸ್ಟೂಲು ಕೂಡ ಏಣಿಯೇ.

ಟಿವಿ ಸ್ಟ್ಯಾಂಡು, ಪುಸ್ತಕದ ಕಪಾಟು, ಡ್ರಾಯರ್ ಇರೋ ಮೇಜು: ಮೂರನ್ನೂ ಗೋಡೆಗೆ ಬಿಗಿಯಬೇಕು. ಮಗು ಕೆಳಗಿನ ಡ್ರಾಯರ್ ಎಳೆದು ಮೆಟ್ಟಿಲು ಮಾಡ್ಕೊಂಡು ಹತ್ತುತ್ತೆ, ಇಡೀ ಮೇಜು ಮುಂದಕ್ಕೆ ಬರುತ್ತೆ. ಮೇಲ್ತುದಿಗೆ ಎರಡು ಎಲ್ ಪಟ್ಟಿ, ಗೋಡೆಗೆ 8 ಎಂಎಂ ಪ್ಲಗ್ಗು, 50 ಎಂಎಂ ಸ್ಕ್ರೂ. ಪ್ಲಾಸ್ಟರ್ ದಾಟಿ ಇಟ್ಟಿಗೆಗೆ ಸ್ಕ್ರೂ ಹೋಗಬೇಕು. ಹಗುರ ಬಿಳಿ ಬ್ಲಾಕಿನ ಗೋಡೆಯಾದರೆ ಮಾಮೂಲಿ ಪ್ಲಗ್ ಹಿಡಿಯಲ್ಲ, ಅದಕ್ಕೇ ಅಂತ ಇರೋದನ್ನ ಕೇಳಿ ತಗೊಳ್ಳಿ. ಕಪಾಟಿನ ಹಿಂದಿನ ತೆಳು ಪ್ಲೈಗೆ ಹೊಡೀಬೇಡಿ, ಮೇಲಿನ ದಪ್ಪ ಹಲಗೆಗೇ ಹೊಡೀರಿ.

ಅಂಟಿಸೋ ಡ್ರಾಯರ್ ಲಾಕ್ ಅಡುಗೆಮನೆಯಲ್ಲಿ ಕಿತ್ತು ಬರೋದು ಎಣ್ಣೆ ಜಿಡ್ಡಿಗೆ. ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಅಂಟಿಸಿದ ಮೇಲೆ ಒಂದು ದಿನ ಎಳೀಬೇಡಿ.

ಬಚ್ಚಲ ಒಳಚಿಲಕ ಮಗುವಿನ ಎತ್ತರಕ್ಕಿದ್ದರೆ ಬಿಚ್ಚಿ ಮೇಲೆ ಹಾಕಿ. ಅಲ್ಲೀತನಕ ಬಾಗಿಲ ಮೇಲಂಚಿಗೆ ಟವೆಲ್ ಮಡಚಿ ಹಾಕಿ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲ್ಲ, ಬೆರಳೂ ಸಿಗಲ್ಲ.

ದಾವಣಗೆರೆ ಗಿರಿ
ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಧೂಪ ಹಾಕ್ತಾರಲ್ಲ, ಅದೂ ಅಪಾಯವೇ?

ಮಕ್ಕಳ ವಾರ್ಡ್ ನರ್ಸ್
ಕಿಟಕಿ, ಬಾಗಿಲು ಮುಚ್ಚಿದ್ದರೆ ಹೌದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ವಾಸನೆ ಇಲ್ಲ, ನಿದ್ದೆಯಲ್ಲೇ ಹೋಗಿಬಿಡ್ತಾರೆ. ಬಚ್ಚಲ ಒಳಗಿನ ಗ್ಯಾಸ್ ಗೀಸರ್ ಕೂಡ ಅದೇ. ಕೆಂಡ ಹೊರಗಿಡಿ, ಗೀಸರ್ ಹೊರಗಿನ ಗೋಡೆಗೆ ಹಾಕಿಸಿ.

ಅಂಬೆಗಾಲು ಅಮ್ಮ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಕಿಟ್ ತಗೊಳ್ಳಲ್ಲ. ಬಿಸಿ ನಲ್ಲಿಯ ಹಿಡಿ ಬಿಚ್ಚಿಟ್ಟಾಯ್ತು, ಬಕೆಟ್ ಬೋರಲು ಹಾಕಿದ್ದಾಯ್ತು, ಕರ್ಪೂರದ ಡಬ್ಬಿಯನ್ನ ಅತ್ತೆಯೇ ಮೇಲಿಟ್ಟರು. ಆರ್‌ಸಿಸಿಬಿ ಬಟನ್ ಒತ್ತಿದರೆ ಬೀಳ್ತಿಲ್ಲ, ನಾಳೆ ವೈರ್‌ಮನ್ ಬರ್ತಾರೆ. ಜಾಲರಿಗೆ ಓನರ್ ಒಪ್ಪಿದ್ದಾರೆ, ವೆಲ್ಡರ್ ಶನಿವಾರ ಕೊಡ್ತೀನಿ ಅಂದಿದ್ದಾರೆ. ಸಂಪಿಗೆ ಬೀಗ ಯಾವುದು ತರಲಿ?

ಪ್ಲಂಬರ್ ತುಮಕೂರು
ಹಿತ್ತಾಳೆದು ತನ್ನಿ, ಕಬ್ಬಿಣದ್ದು ಒಂದು ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತೆ. ಆಮೇಲೆ ಬೀಗ ತೆರೆಯೋಕಾಗದೆ ಯಾರೋ ಒಡೆದುಹಾಕ್ತಾರೆ, ಮತ್ತೆ ಯಾರೂ ಹಾಕಲ್ಲ. ಕೀಲಿ ಎರಡು: ಒಂದು ನಿಮ್ಮ ಹತ್ತಿರ, ಒಂದು ಓನರ್ ಹತ್ತಿರ. ಹಿಂಜ್ ಪಿನ್ ಹೊಡೆದರೆ ಹೊರಬರೋ ಹಾಗಿದ್ದರೆ ಎರಡೂ ತುದಿಗೆ ಒಂದೊಂದು ಟ್ಯಾಕ್ ವೆಲ್ಡ್ ಹಾಕಿಸಿ. ಶನಿವಾರದವರೆಗೆ ಮುಚ್ಚಳದ ಮೇಲೆ ಗಾಡಿ ನಿಲ್ಲಿಸಿ.

ವೈರ್‌ಮನ್ ಹಾಸನ
ಗಾಡಿ ಬೇಡ, ತಗಡು ತುಕ್ಕು ಹಿಡಿದಿದ್ದರೆ ಗಾಡಿ ಸಮೇತ ಕುಸಿಯುತ್ತೆ. ಅಂಚು ಚುಚ್ಚಿ ನೋಡಿದ್ರಾ?

ಅಂಬೆಗಾಲು ಅಮ್ಮ
ಇನ್ನೂ ಇಲ್ಲ. ಈಗಲೇ ಹೋಗಿ ನೋಡ್ತೀನಿ.